ಎರಡನೆಯ ಕಾದಂಬರಿ

ನಮ್ಮ ಮನೆಗಳಲ್ಲಿ ಸೀಮಂತವೆಂಬುದು ಚೊಚ್ಚಲಿಗೆ ಮಾತ್ರ. ಹಸಿರು ಬಳೆ, ಹೂವು, ಹಾಡು, ನೆರೆಹೊರೆಯ ಮುತ್ತೈದೆಯರ ಸಂಭ್ರಮ ಎಲ್ಲವೂ ಮೊದಲ ಬಸಿರಿಗೆ. ಎರಡನೆಯದು ಬರುವ ಹೊತ್ತಿಗೆ ಆ ಹೆಂಗಸು ಮೊದಲನೆಯ ಕೂಸನ್ನು ಕಂಕುಳಲ್ಲಿ ಇರಿಸಿಕೊಂಡೇ ನೀರು ಸೇದುತ್ತಿರುತ್ತಾಳೆ. ಗ್ರಂಥಪ್ರಪಂಚದಲ್ಲಿಯೂ ಕ್ರಮವು ಬೇರೆಯಾಗಿಲ್ಲ. ತರುಣನೊಬ್ಬನು ಮೊದಲ ಕಾದಂಬರಿಯನ್ನು ಅಚ್ಚು ಹಾಕಿಸಿದನೆಂದರೆ ಮುನ್ನುಡಿ ಬರೆಯಲು ಹಿರಿಯರು ದೊರೆಯುತ್ತಾರೆ, ಸಭೆ ಸೇರುತ್ತದೆ, ವಿಮರ್ಶಕರು ಹೊಸ ಕೈಯೆಂದು ದೋಷಗಳನ್ನು ಮನ್ನಿಸುತ್ತಾರೆ. ಎರಡನೆಯದು ಬಂದಾಗ ಅದೇ ವಿಮರ್ಶಕರು ತಕ್ಕಡಿಯನ್ನು ಹಿಡಿದು ನಿಲ್ಲುತ್ತಾರೆ. ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆತನದೇ ಮೊದಲನೆಯ ಪುಸ್ತಕವಿರುತ್ತದೆ.

ಈ ವಿಷಯವನ್ನು ಈಗ ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ನಮ್ಮ ಜಿಲ್ಲೆಯಲ್ಲಿಯೇ ಒಂದೊಂದು ಕಾದಂಬರಿಯನ್ನು ಬರೆದು, ಮೆಚ್ಚುಗೆಯನ್ನು ಪಡೆದು, ಅಲ್ಲಿಗೇ ನಿಂತುಹೋದ ತರುಣರನ್ನು ನಾನು ಬಲ್ಲೆನು. ಅವರಲ್ಲಿ ಒಬ್ಬನು ನನ್ನಲ್ಲಿ ಓದಿದವನು. ಮುಂದೇಕೆ ಬರೆಯಲೊಲ್ಲೆ ಎಂದು ಕೇಳಿದರೆ, "ಇದ್ದುದನ್ನೆಲ್ಲ ಮೊದಲನೆಯದರಲ್ಲಿಯೇ ಸುರಿದುಬಿಟ್ಟೆ, ಮೇಷ್ಟ್ರೆ; ಕಣಜದಲ್ಲಿ ಬಿತ್ತನೆಗೂ ಕಾಳಿಲ್ಲ" ಎಂದನು. ಇನ್ನೊಬ್ಬನು ಬರೆದನು, ಪ್ರಕಾಶಕರ ಅವಸರಕ್ಕೆ ಎಂಟು ತಿಂಗಳಿನಲ್ಲಿ ಬರೆದನು. ಊರಿನ ಹೆಸರು ಬೇರೆ, ನಾಯಕನ ಹೆಸರು ಬೇರೆ, ಉಳಿದುದೆಲ್ಲ ಹಳೆಯದೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಓದುಗರು ನಕ್ಕರು. ಮೊದಲನೆಯವನ ಮಾತು ನಿಜವೇ, ಎರಡನೆಯವನಿಗೆ ಬೇರೆ ದಾರಿಯಿರಲಿಲ್ಲವೇ ಎಂಬುದನ್ನು ನಮ್ಮ ಹಿರಿಯ ಗ್ರಂಥಕರ್ತರ ನಡೆಯಿಂದ ವಿಚಾರಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಕಾದಂಬರಿಯೆಂಬ ಹೆಸರಿನಿಂದಲೇ ಪ್ರಾರಂಭಿಸಬಹುದು. ಆ ಹೆಸರು ಬಾಣಭಟ್ಟನ ಕೃತಿಯಿಂದ ಬಂದುದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅದು ಬಾಣನ ಎರಡನೆಯ ಗದ್ಯಗ್ರಂಥವೆಂದು ಪಂಡಿತರು ಸಾಮಾನ್ಯವಾಗಿ ಎಣಿಸುತ್ತಾರೆಂಬುದನ್ನು ನಾವು ನೆನೆಯುವುದಿಲ್ಲ. ಮೊದಲನೆಯದು ಹರ್ಷಚರಿತೆ. ಅದರ ಮೊದಲ ಭಾಗದಲ್ಲಿ ಬಾಣನು ಹೇಳುವುದು ಹರ್ಷನ ಕಥೆಯನ್ನಲ್ಲ. ತನ್ನ ವಂಶ, ತನ್ನ ಬಾಲ್ಯ, ತಂದೆಯ ಮರಣ, ತಾನು ಗೆಳೆಯರೊಡನೆ ದೇಶಾಂತರ ತಿರುಗಿದುದು, ಕೊನೆಗೆ ಅರಸನ ಸಮ್ಮುಖಕ್ಕೆ ಹೋದುದು. ತನ್ನನ್ನು ಹೇಳಿಕೊಂಡು ಮುಗಿಸಿದ ಮೇಲಲ್ಲದೆ ಅವನಿಗೆ ಇನ್ನೊಬ್ಬರನ್ನು ಹೇಳಲಾಗಲಿಲ್ಲ. ಕಾದಂಬರಿಯಲ್ಲಿಯಾದರೋ ಬಾಣನು ಕಾಣಿಸುವುದಿಲ್ಲ. ಒಂದು ಗಿಣಿ ಕಥೆ ಹೇಳುತ್ತದೆ. ಆ ಕಥೆಯೊಳಗೆ ಒಬ್ಬ ಋಷಿ ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆ ಹೇಳುತ್ತಾಳೆ. ಅಲಂಕಾರಿಕರಲ್ಲಿ ಭಾಮಹನು ಮೊದಲನೆಯ ಜಾತಿಗೆ ಆಖ್ಯಾಯಿಕೆಯೆಂದೂ ಎರಡನೆಯದಕ್ಕೆ ಕಥೆಯೆಂದೂ ಭೇದವನ್ನು ಹೇಳಿದನು. ನಾಯಕನು ತನ್ನ ವೃತ್ತಾಂತವನ್ನು ತಾನೇ ಹೇಳುವುದು ಆಖ್ಯಾಯಿಕೆ, ಇತರರು ಹೇಳುವುದು ಕಥೆ. ದಂಡಿಯು ಈ ಭೇದವನ್ನು ಒಪ್ಪಲಿಲ್ಲ. ಹೆಸರು ಎರಡು, ಜಾತಿ ಒಂದೇ ಎಂದನು. ಪಾಠಶಾಲೆಯಲ್ಲಿ ನಾವು ದಂಡಿಯ ಪಕ್ಷವನ್ನೇ ಹಿಡಿದು ವಾದಿಸುತ್ತಿದ್ದೆವು. ಆದರೆ ಗ್ರಂಥಕರ್ತನ ಮನಸ್ಸಿನ ಕಡೆಯಿಂದ ನೋಡುವುದಾದರೆ ಭಾಮಹನ ಭೇದದಲ್ಲಿ ತಥ್ಯವಿದೆ. ಮೊದಲ ಕಾದಂಬರಿಯು ಹೆಸರಿಗೆ ಏನೇ ಆಗಿರಲಿ, ಬಹುಮಟ್ಟಿಗೆ ಆಖ್ಯಾಯಿಕೆ. ಎರಡನೆಯದು ಕಥೆಯಾಗಲೇಬೇಕು, ಇಲ್ಲದಿದ್ದರೆ ಅದು ಹುಟ್ಟುವುದೇ ಇಲ್ಲ.

ಇದಕ್ಕೆ ಕನ್ನಡದಲ್ಲಿ ಕುವೆಂಪು ಅವರ ಎರಡು ಕಾದಂಬರಿಗಳಿಗಿಂತ ಸ್ಪಷ್ಟವಾದ ನಿದರ್ಶನವು ಬೇರೊಂದಿಲ್ಲ. ಅವರು ಬರೆದುದು ಎರಡೇ. 'ಕಾನೂರು ಹೆಗ್ಗಡಿತಿ' ಬಂದುದು 1936ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ನಡುವೆ 31 ವರ್ಷ. ಮೊದಲನೆಯದನ್ನು ಪ್ರಕಟಿಸಿದಾಗ ಕವಿಗೆ ಮೂವತ್ತೆರಡರ ಪ್ರಾಯ, ಎರಡನೆಯದಕ್ಕೆ ಅರುವತ್ತು ದಾಟಿತ್ತು.

ಕಾನೂರು ಹೆಗ್ಗಡಿತಿಯನ್ನು ನಾನು ಹಲವು ಸಲ ಓದಿದ್ದೇನೆ. ಅದರ ಮೇಲಿನ ಗೌರವಕ್ಕೆ ಕುಂದಿಲ್ಲ. ಆದರೂ ಒಂದು ಸಂಗತಿಯನ್ನು ಹೇಳದೆ ಇರಲಾಗದು. ಗ್ರಂಥದ ಹೆಸರು ಹೆಗ್ಗಡಿತಿಯದು, ಗ್ರಂಥದ ಭಾರವೆಲ್ಲ ಹೂವಯ್ಯನ ಮೇಲೆ. ಬಡಮನೆಯಿಂದ ಬಂದು ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾದ ಸುಬ್ಬಮ್ಮನ ಬಾಳು, ಅವಳ ಗರ್ವ, ಅವಳ ಕೊನೆಯ ದುರ್ಗತಿ ಇವು ಒಂದು ಮಹಾಕಾದಂಬರಿಗೆ ಸಾಲುವಷ್ಟು ವಸ್ತು. ಆದರೆ ಕವಿಯ ಪ್ರೀತಿಯು ಮೈಸೂರಿನಲ್ಲಿ ಓದಿ, ಆದರ್ಶಗಳನ್ನು ತಲೆಯಲ್ಲಿ ತುಂಬಿಕೊಂಡು, ರಾಮಯ್ಯನೊಡನೆ ಮಲೆನಾಡಿನ ಮನೆಗೆ ಮರಳಿದ ಹೂವಯ್ಯನ ಮೇಲೆ. ಹೂವಯ್ಯನು ಕಾಡನ್ನು ನೋಡಿದರೆ ಕವಿತೆ, ಆಕಾಶವನ್ನು ನೋಡಿದರೆ ಧ್ಯಾನ, ಮನೆಯವರನ್ನು ನೋಡಿದರೆ ಮರುಕ. ಕುಪ್ಪಳಿಯಿಂದ ಮೈಸೂರಿಗೆ ಹೋಗಿ ಓದಿದ ತರುಣಕವಿಯ ಅಂತರಂಗವೇ ಅಲ್ಲಿ ಮಾತನಾಡುತ್ತಿದೆಯೆಂಬುದನ್ನು ಕಾಣಲು ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ. ಆದಕಾರಣವೇ ಹೂವಯ್ಯನಿಗೆ ಎದುರಾಡುವವರು ಗ್ರಂಥದಲ್ಲಿ ಇದ್ದರೂ ಅವನನ್ನು ಸೋಲಿಸಬಲ್ಲ ವಾದವೊಂದು ಗ್ರಂಥದಲ್ಲಿಲ್ಲ. ಕವಿಯೇ ಅವನ ಬೆನ್ನಿಗೆ ನಿಂತಿರುವಾಗ ಯಾರು ತಾನೆ ಗೆದ್ದಾರು? ಸುಬ್ಬಮ್ಮನ ಕಡೆಗೆ ಹೋದಾಗಲೆಲ್ಲ ಲೇಖನಿಯು ನಿಜವಾದ ಕಾದಂಬರಿಕಾರನದಾಗುತ್ತದೆ; ಹೂವಯ್ಯನ ಕಡೆಗೆ ತಿರುಗಿತೆಂದರೆ ಭಾವಗೀತೆಯ ಕವಿಯದಾಗುತ್ತದೆ.

ಈಗ ಎರಡನೆಯದನ್ನು ತೆಗೆದು ನೋಡಿರಿ. ಕಥೆಯ ಕಾಲವನ್ನು ಕವಿಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಿಂದೂಡಿದ್ದಾನೆ. ಅವರು ಹುಟ್ಟಿದುದು 1904ರಲ್ಲಿ. ಅಂದಮೇಲೆ ಈ ಕಥೆಯಲ್ಲಿ ಅವರಿಗೆ ಪ್ರವೇಶವೇ ಇಲ್ಲ! ಮೈಸೂರಿನಿಂದ ಓದಿ ಬರುವ ಹುಡುಗನಿಗೆ ಇಲ್ಲಿ ಸ್ಥಳವಿಲ್ಲ. ಇದು ಯಃಕಶ್ಚಿತ್ ಉಪಾಯವೆಂದು ತೋರಬಹುದು. ನನಗಾದರೋ ಇಡೀ ಗ್ರಂಥದ ಗುಟ್ಟು ಇದರಲ್ಲಿಯೇ ಇರುವಂತೆ ಕಾಣುತ್ತದೆ. ತಾನು ಕಂಡುದನ್ನು ಬರೆಯುವಾಗ ಕಂಡ ಕಣ್ಣೂ ಚಿತ್ರದೊಳಗೆ ಬಂದು ಕುಳಿತುಬಿಡುತ್ತದೆ. ಅಜ್ಜಂದಿರ ಬಾಯಿಂದ ಕೇಳಿದ ಕಾಲವನ್ನು ಬರೆಯುವಾಗ ಆ ಉಪದ್ರವವಿಲ್ಲ. ಸ್ಥಳವು ಅದೇ ಮಲೆನಾಡು, ಅದೇ ತುಂಗೆ, ಅದೇ ಒಕ್ಕಲು, ಅದೇ ಜೀತ. ಬದಲಾದುದು ನಿಂತ ನೆಲೆ ಮಾತ್ರ.

ಕಥೆ ತೆರೆಯುವುದು ಯಾವ ಗೌಡರ ಮನೆಯಿಂದಲೂ ಅಲ್ಲ. ಗುತ್ತಿಯೆಂಬ ಜೀತದಾಳು ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆಯುವುದರಿಂದ. ನಾಯಿಯನ್ನು ಬಿಟ್ಟು ಇರದವನಾದುದರಿಂದ ಅವನಿಗೆ ನಾಯಿಗುತ್ತಿಯೆಂದೇ ಹೆಸರು. ಮೊದಲ ಕಾದಂಬರಿಯಲ್ಲಿ ಇಂಥವನು ಬಂದಿದ್ದರೆ ಹೂವಯ್ಯನ ಮರುಕಕ್ಕೆ ಪಾತ್ರನಾಗಿ ಮರೆಯಾಗುತ್ತಿದ್ದನು. ಇಲ್ಲಿ ಅವನಿಗೆ ತಿಮ್ಮಿಯ ಮೇಲೆ ಮನಸ್ಸುಂಟು, ಅವಳನ್ನು ಹಾರಿಸಿಕೊಂಡು ಹೋಗುವ ಧೈರ್ಯವುಂಟು, ಒಡೆಯರ ಭಯವುಂಟು, ಆ ಭಯವನ್ನು ಮೀರುವ ಯುಕ್ತಿಯೂ ಉಂಟು. ಹೂವಳ್ಳಿಯ ಚಿನ್ನಮ್ಮ ಮತ್ತು ಕೋಣೂರಿನ ಮುಕುಂದಯ್ಯ, ಐತ ಮತ್ತು ಪೀಂಚಲು, ಗುತ್ತಿ ಮತ್ತು ತಿಮ್ಮಿ: ಒಡೆಯರ ಜೋಡಿಗೂ ಆಳುಗಳ ಜೋಡಿಗೂ ಕವಿಯ ಕಣ್ಣು ಒಂದೇ ಅಳತೆಯಲ್ಲಿ ಬಿದ್ದಿದೆ. ಮದುವೆಯ ರಾತ್ರಿ ಮನೆಬಿಟ್ಟು ಕಾಡಿಗೆ ಓಡುವ ಚಿನ್ನಮ್ಮನ ಎದೆಗುದಿಯೂ ಹುಲಿಯನ ಸ್ವಾಮಿಭಕ್ತಿಯೂ ಒಂದೇ ಶ್ರದ್ಧೆಯಿಂದ ಬರೆಯಲ್ಪಟ್ಟಿವೆ. ಪುಸ್ತಕದ ಬಾಗಿಲಿನಲ್ಲಿಯೇ ಕವಿಯು ಪ್ರಧಾನ ಅಪ್ರಧಾನವೆಂಬ ಭೇದವನ್ನು ತಳ್ಳಿಹಾಕುವ ಕೆಲವು ಮಾತುಗಳನ್ನು ಇರಿಸಿದ್ದಾರೆ. ಅನೇಕರು ಅದನ್ನು ವೇದಾಂತವೆಂದು ಓದುತ್ತಾರೆ. ನಾನು ಅದನ್ನು ಹೂವಯ್ಯನಿಗೆ ಕೊಟ್ಟ ಬೀಳ್ಕೊಡುಗೆಯೆಂದು ಓದುತ್ತೇನೆ.

ದೋಷವಿಲ್ಲವೆಂದಲ್ಲ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಎಂದು ಮನೆಗಳ ಮೇಲೆ ಮನೆಗಳು ಬರುತ್ತವೆ. ಯಾರು ಯಾರ ಆಳು, ಯಾರು ಯಾರಿಗೆ ಸಾಲಗಾರ ಎಂಬುದನ್ನು ನೆನಪಿಟ್ಟುಕೊಳ್ಳಲು ಮೊದಲ ಓದಿನಲ್ಲಿ ನಾನು ಒಂದು ಕಾಗದದ ಚೂರಿನ ಮೇಲೆ ವಂಶಾವಳಿಯನ್ನು ಬರೆದಿಟ್ಟುಕೊಳ್ಳಬೇಕಾಯಿತು. ಮನೆಯಲ್ಲಿ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಓದಲು ತೊಡಗಿ, ಮಧ್ಯೆ ಎರಡು ದಿನ ಬಿಟ್ಟರೆ ಎಳೆ ತಪ್ಪುತ್ತದೆಯೆಂದು ದೂರುವುದು ನ್ಯಾಯವೇ. ಆದರೆ ನಾಯಕನೆಂಬ ಕಂಬವನ್ನು ಕಿತ್ತಮೇಲೆ ಮನೆಯ ಭಾರವನ್ನು ಹಲವು ಕಂಬಗಳಿಗೆ ಹಂಚಲೇಬೇಕಷ್ಟೆ. ಕಾವೇರಿಯ ದುರಂತವು ಓದುಗನನ್ನು ಅಷ್ಟು ಕಲಕುವುದು ಅವಳನ್ನು ರಕ್ಷಿಸಲು ಗ್ರಂಥದಲ್ಲಿ ಯಾವ ಹೂವಯ್ಯನೂ ಇಲ್ಲದಿರುವುದರಿಂದಲೇ.

ಇನ್ನು ಆ 31 ವರ್ಷಗಳ ವಿಚಾರ. ಅಷ್ಟು ಕಾಲ ಕವಿಯು ಸುಮ್ಮನೆ ಕುಳಿತಿದ್ದನೇ? ನಡುವೆ 'ಶ್ರೀ ರಾಮಾಯಣ ದರ್ಶನಂ' 1949ರಲ್ಲಿ ಬಂದಿತು. 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವಾಯಿತು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಪದವಿಯ ಹೊರೆ. ಎರಡನೆಯ ಕಾದಂಬರಿ ಹೊರಬಂದ 1967ರ ಸಾಲಿಗೇ ಮಹಾಕಾವ್ಯಕ್ಕೆ ಜ್ಞಾನಪೀಠ ಪ್ರಶಸ್ತಿಯೂ ಸಂದುದು ಕಾಕತಾಳೀಯ. ಆದರೆ ಕಾವ್ಯಕ್ಕೂ ಕಾದಂಬರಿಗೂ ಇರುವ ಸಂಬಂಧವು ಕಾಕತಾಳೀಯವಲ್ಲ. ಆದರ್ಶಪುರುಷನನ್ನು ಚಿತ್ರಿಸಬೇಕೆಂಬ ಹಂಬಲವು ಕವಿಯಲ್ಲಿ ಬಲವಾಗಿದ್ದಿತು. ಅದು ಹೂವಯ್ಯನಲ್ಲಿ ಅರೆತೃಪ್ತಿ ಪಡೆದು, ಶ್ರೀರಾಮನಲ್ಲಿ ಪೂರ್ಣತೃಪ್ತಿಯನ್ನು ಪಡೆಯಿತು. ಅದೇ ಕಾವ್ಯದಲ್ಲಿ ಮಂಥರೆಗೂ ಊರ್ಮಿಳೆಗೂ ಕವಿಯು ತೋರಿದ ಅನುಕಂಪವನ್ನು ನೋಡಿದರೆ ಗುತ್ತಿಗೂ ಪೀಂಚಲುವಿಗೂ ಹಾದಿ ಅಲ್ಲಿಂದಲೇ ಕಡಿಯಲ್ಪಟ್ಟಿತೆಂದು ತಿಳಿಯುತ್ತದೆ. ರಾಮನನ್ನು ಬರೆದು ಮುಗಿಸಿದವನಿಗೆ ಕಾದಂಬರಿಯಲ್ಲಿ ರಾಮನ ಅಗತ್ಯವುಳಿಯಲಿಲ್ಲ.

ಮಮ್ಮಟನು ಕಾವ್ಯಹೇತುವನ್ನು ಹೇಳುವಾಗ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನು ಎಣಿಸಿ, ಮೂರೂ ಸೇರಿ ಒಂದೇ ಹೇತುವೆಂದು ಒತ್ತಿ ಹೇಳುತ್ತಾನೆ. ಮೊದಲ ಕಾದಂಬರಿಯು ಶಕ್ತಿಯೊಂದರ ಬಲದಿಂದಲೇ ನಡೆದುಹೋಗುವುದುಂಟು. ತಾರುಣ್ಯದ ಆವೇಶ, ಬಾಲ್ಯದ ನೆನಪು, ತನ್ನ ಊರು, ತನ್ನ ಅವ್ವ, ತನ್ನ ಮೊದಲ ಪ್ರೇಮ ಇವೆಲ್ಲವೂ ಬೇಡದೆ ಬಂದು ಕೈಸೇರುತ್ತವೆ. ಇಪ್ಪತ್ತೈದು ವರ್ಷ ಕೂಡಿಟ್ಟ ಗಂಟು ಅದು. ಎರಡನೆಯದಕ್ಕೆ ಗಂಟಿಲ್ಲ, ಲೋಕವನ್ನೂ ಶಾಸ್ತ್ರವನ್ನೂ ನೋಡಿ ಗಳಿಸಿದ ನಿಪುಣತೆಯೂ ಕೈಯ ಅಭ್ಯಾಸವೂ ಇದ್ದರೆ ಮಾತ್ರ ಶಕ್ತಿಯು ಮತ್ತೆ ಕೆಲಸಮಾಡೀತು. ನನ್ನ ಶಿಷ್ಯನು ಕಣಜವು ಬರಿದಾಯಿತೆಂದುದು ಇದನ್ನು ಅರಿಯದೆ. ಬರಿದಾದುದು ತಂದೆಯಿಂದ ಬಂದ ಕಣಜ. ಹೊಲವು ಹಾಗೆಯೇ ಇದೆ, ಉಳುವುದು ಬೇಕು.

ಎರಡನೆಯವನ ಪ್ರಶ್ನೆಗೆ ಬರೋಣ. ಒಂದೇ ವಸ್ತುವನ್ನು ಎರಡು ಸಲ ಬರೆಯುವುದು ಯಾವಾಗಲೂ ಚರ್ವಿತಚರ್ವಣವೇ? ಹಾಗೆಂದರೆ ಭವಭೂತಿಯನ್ನು ಏನು ಮಾಡೋಣ? ಮಹಾವೀರಚರಿತದಲ್ಲಿ ರಾಮನ ಕಥೆಯನ್ನು ಬರೆದವನೇ ಉತ್ತರರಾಮಚರಿತದಲ್ಲಿ ಮತ್ತೆ ರಾಮನನ್ನು ಹಿಡಿದನು. ಮೊದಲನೆಯದು ವೀರ, ಎರಡನೆಯದು ಕರುಣ. ಇಂದು ಸಹೃದಯರು ಕಣ್ಣೀರಿನಿಂದ ಓದುವುದು ಎರಡನೆಯದನ್ನು. ನಾಯಕನು ಒಬ್ಬನೇ ಆದರೂ ಕವಿಯು ಕೇಳಿದ ಪ್ರಶ್ನೆ ಬೇರೆ.

ಕನ್ನಡದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದೇ ಸಾಹಸವನ್ನು ಮಾಡಿದರು. ಸಣ್ಣಕಥೆಗಳ ಪಿತಾಮಹರೆನಿಸಿದ ಮೇಲೆ, ಅರುವತ್ತರ ಹತ್ತಿರದಲ್ಲಿ 'ಚೆನ್ನಬಸವನಾಯಕ'ವನ್ನು ಬರೆದರು. 1956ರಲ್ಲಿ 'ಚಿಕವೀರ ರಾಜೇಂದ್ರ' ಬಂದಿತು. 'ಸುಬ್ಬಣ್ಣ' ಮೊದಲೇ ಇದ್ದರೂ ಅದು ನೀಳ್ಗತೆ. ಐತಿಹಾಸಿಕ ಮಹಾಕಾದಂಬರಿಗಳೆಂದರೆ ಇವೆರಡೇ. ಒಂದರಲ್ಲಿ ವೀರಮ್ಮಾಜಿಯ ಕಾಲದ ಬಿದನೂರು. ಅದು 1763ರಲ್ಲಿ ಹೈದರನ ವಶವಾಯಿತು. ಇನ್ನೊಂದರಲ್ಲಿ 1834ರಲ್ಲಿ ಇಂಗ್ಲಿಷರ ಕೈಸೇರಿದ ಕೊಡಗು. ಆಳುವವರ ದೋಷದಿಂದ ಒಳಗೆ ಟೊಳ್ಳಾದ ಸಣ್ಣ ರಾಜ್ಯವೊಂದು ಹೊರಗಿನ ಬಲಿಷ್ಠನ ಬಾಯಿಗೆ ಬೀಳುವುದು: ವಸ್ತು ಎರಡರಲ್ಲಿಯೂ ಇದೇ. ಹೀಗಿರಲು ಪುನರುಕ್ತಿಯ ಆಕ್ಷೇಪವು ಸಹಜ. ನಾನು ಅದನ್ನು ಒಪ್ಪುವುದಿಲ್ಲ. ಚೆನ್ನಬಸವನಾಯಕದಲ್ಲಿ ಪಾಪವು ಎಲ್ಲಿದೆಯೆಂದು ಓದುಗನಿಗೆ ಬೇಗ ತಿಳಿಯುತ್ತದೆ. ಅರಮನೆಯ ಒಂದು ಮೂಲೆಯಲ್ಲಿ ಅದಕ್ಕೆ ಬೆರಳಿಟ್ಟು ತೋರಿಸಬಹುದು. ಚಿಕವೀರ ರಾಜೇಂದ್ರದಲ್ಲಿ ರಾಜನು ಕ್ರೂರಿ, ಕುಡುಕ, ನಿಜ. ಆದರೆ ಅವನೊಬ್ಬನನ್ನೇ ದೂರಿ ಪುಸ್ತಕವನ್ನು ಮುಚ್ಚಲು ಆಗುವುದಿಲ್ಲ. ಕುಂಟ ಬಸವನ ಹೊಂಚು, ಮಂತ್ರಿ ಬೋಪಣ್ಣನ ಸ್ವಾಭಿಮಾನ, ಲಕ್ಷ್ಮೀನಾರಾಯಣಯ್ಯನ ಸಂಯಮ, ಇಂಗ್ಲಿಷರ ಆಶ್ರಯಕ್ಕೆ ಓಡುವ ತಂಗಿ ಮತ್ತು ಆಕೆಯ ಗಂಡ, ಎಲ್ಲವನ್ನೂ ಸಹಿಸಿ ಮನೆತನವನ್ನು ಉಳಿಸಲು ಹೆಣಗುವ ರಾಣಿ ಗೌರಮ್ಮ, ಇವರಲ್ಲಿ ಒಬ್ಬೊಬ್ಬರಿಗೂ ತಮ್ಮ ತಮ್ಮ ನ್ಯಾಯವುಂಟು. ಆ ನ್ಯಾಯಗಳೆಲ್ಲ ಕೂಡಿಯೇ ರಾಜ್ಯವನ್ನು ಕಳೆಯುತ್ತವೆ. ಒಳ್ಳೆಯ ಮಂತ್ರಿಯೂ ಒಂದು ಘಟ್ಟದಲ್ಲಿ ಪರರಿಗೆ ಬಾಗಿಲು ತೆರೆಯಬೇಕಾಗಿ ಬರುವ ಧರ್ಮಸಂಕಟವನ್ನು ಮೊದಲನೆಯ ಪುಸ್ತಕವನ್ನು ಬರೆದ ಕೈಯೇ ಬರೆಯಬಲ್ಲುದು. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ದುಡಿದ ಅನುಭವವು ಇಬ್ಬರು ಮಂತ್ರಿಗಳ ಮಾತಿನಲ್ಲಿ ಕೇಳಿಸುತ್ತದೆ. 1983ರಲ್ಲಿ ಜ್ಞಾನಪೀಠವು ಈ ಎರಡನೆಯದನ್ನು ಮುಂದಿಟ್ಟುಕೊಂಡೇ ಮಾಸ್ತಿಯವರನ್ನು ಗೌರವಿಸಿತು.

ಎಂಟು ತಿಂಗಳಿನಲ್ಲಿ ಬರೆದ ನಮ್ಮ ತರುಣನ ತಪ್ಪು ವಸ್ತುವನ್ನು ಮರಳಿ ಹಿಡಿದುದಲ್ಲವೆಂಬುದು ಇದರಿಂದ ಸಿದ್ಧವಾಯಿತು. ಹಳೆಯ ವಸ್ತುವಿಗೆ ಹಳೆಯ ಪ್ರಶ್ನೆಯನ್ನೇ ಕೇಳಿದುದು ತಪ್ಪು. ಅದರಲ್ಲಿಯೂ ಅರ್ಧ ಹೊಣೆ ಪ್ರಕಾಶಕರದು.

ಇಷ್ಟು ಹೊತ್ತು ನಾನು ಹೇಳುತ್ತ ಬಂದುದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರದು, 'ಭಾರತೀಪುರ' 1973ರದು. ಇಲ್ಲಿ ಕ್ರಮವು ತಲೆಕೆಳಗು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಬರೆದ ಮೊದಲ ಕಾದಂಬರಿಯಲ್ಲಿ ಲೇಖಕನು ತನ್ನಿಂದ ಬಹುದೂರವಿರುವ, ಧರ್ಮಶಾಸ್ತ್ರವನ್ನೇ ಉಸಿರಾಡುವ ಪ್ರಾಣೇಶಾಚಾರ್ಯನನ್ನು ಹಿಡಿದನು. ಎರಡನೆಯದರಲ್ಲಿ ಇಂಗ್ಲೆಂಡಿನಿಂದ ಮರಳಿದ ವಿದ್ಯಾವಂತ ಜಗನ್ನಾಥನನ್ನು. ಕಥೆಯು ಮೊದಲು, ಆಖ್ಯಾಯಿಕೆಯು ಆಮೇಲೆ! ಸಂಸ್ಕಾರವು ನಮ್ಮಂಥ ಪಾಠಶಾಲೆಯವರಿಗೆ ಕೆಲವೆಡೆ ನೋವನ್ನುಂಟುಮಾಡಿದ ಪುಸ್ತಕ. ಆದರೂ ನಾರಣಪ್ಪನ ಶವವು ಮನೆಯಲ್ಲಿರುವಾಗ ಆಚಾರ್ಯನು ತಾಳೆಗರಿಗಳನ್ನು ತಿರುವಿ ಉತ್ತರ ಕಾಣದೆ ಕುಳಿತುಕೊಳ್ಳುವ ಸಂಕಟವನ್ನು ಶಾಸ್ತ್ರ ಓದಿದವನು ಸುಳ್ಳೆನ್ನಲಾರನು. 1970ರಲ್ಲಿ ಅದು ಚಲನಚಿತ್ರವಾಯಿತು, 1976ರಲ್ಲಿ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವು ಬಂದು ಪರದೇಶಗಳಲ್ಲಿಯೂ ಹೆಸರಾಯಿತು. ಈ ಖ್ಯಾತಿಯ ನೆರಳು ಭಾರತೀಪುರದ ಮೇಲೆ ಬಿದ್ದಿತು. ಅಗ್ರಹಾರದಿಂದ ಹೊರಟು ದೇವಸ್ಥಾನವನ್ನೇ ನಂಬಿ ಬದುಕುವ ಒಂದು ಪಟ್ಟಣವನ್ನೆಲ್ಲ ಹಿಡಿಯಬೇಕೆಂಬ ಹಿರಿದಾದ ಪ್ರಯತ್ನವದು. ಜಗನ್ನಾಥನ ಆಲೋಚನೆಗಳು ಮಾತ್ರ ಪುಟಪುಟಗಳನ್ನು ತುಂಬುತ್ತವೆ. ಹೂವಯ್ಯನೇ ಕಾಲವನ್ನು ದಾಟಿ ಬಂದು ಇಂಗ್ಲಿಷ್ ಪುಸ್ತಕಗಳನ್ನು ಓದಿದಂತೆ ನನಗೆ ತೋರುವುದುಂಟು. ಹೀಗಿದ್ದೂ ಮನೆಯ ಸಾಲಿಗ್ರಾಮವನ್ನು ಹೊರತಂದು ಮುಟ್ಟಿರೆಂದು ಹೊಲೆಯರ ಮುಂದೆ ಹಿಡಿಯುವ ಪ್ರಸಂಗವೊಂದಿದೆ. ಅವರು ಹೆದರಿ ಹಿಂಜರಿಯುತ್ತಾರೆ, ಇವನಿಗೆ ಸಿಟ್ಟು ಬರುತ್ತದೆ, ಬಿಡುಗಡೆ ಮಾಡಲು ಹೊರಟವನೇ ಒಡೆಯನಂತೆ ಗದರಿಸುತ್ತಾನೆ. ಅಲ್ಲಿ ಲೇಖಕನು ತನ್ನ ನಾಯಕನ ಬೆನ್ನಿಗೆ ನಿಂತಿಲ್ಲ, ಎದುರಿಗೆ ನಿಂತಿದ್ದಾನೆ. ತನ್ನಂಥವನನ್ನೇ ಬರೆದರೂ ಕನಿಕರವಿಲ್ಲದೆ ನೋಡಬಲ್ಲವನಿಗೆ ಎರಡನೆಯ ಕಾದಂಬರಿಯಲ್ಲಿಯೂ ಆಖ್ಯಾಯಿಕೆಯು ಸಲ್ಲುತ್ತದೆಯೆಂದು ನನ್ನ ಮೊದಲಿನ ಮಾತನ್ನು ಇಷ್ಟರಮಟ್ಟಿಗೆ ಸಡಿಲಿಸಬೇಕಾಗಿದೆ.

ಶಿವರಾಮ ಕಾರಂತರನ್ನು ಏಕೆ ಬಿಟ್ಟಿರೆಂದು ಕೆಲವರು ಕೇಳಬಹುದು. ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದವರಿಗೆ ಎರಡನೆಯದೆಂಬ ಹೊಸ್ತಿಲೇ ಇರಲಿಲ್ಲ. ಅವರು ಅದನ್ನು ಎಡವದೆ, ನೋಡದೆ ದಾಟಿದರು. ಅದು ಬೇರೆಯ ಜಾತಿಯ ಪ್ರತಿಭೆ, ಬೇರೆಯ ಲೇಖನದ ವಿಷಯ.

ವಿಮರ್ಶಕರಲ್ಲಿ ನನ್ನದೊಂದು ವಿಜ್ಞಾಪನೆ. ಮಲೆಗಳಲ್ಲಿ ಮದುಮಗಳನ್ನು ಕಾನೂರಿನ ಪಕ್ಕದಲ್ಲಿರಿಸಿ, ಹೂವಯ್ಯನಂಥ ನಾಯಕನೆಲ್ಲಿ ಎಂದು ಹುಡುಕಿ ನಿರಾಶರಾದವರನ್ನು ನಾನು ಬಲ್ಲೆನು. ಮೊದಲನೆಯದನ್ನು ತೂಕದ ಕಲ್ಲಾಗಿ ಹಿಡಿದರೆ ಹೀಗೆ ಆಗುತ್ತದೆ. ಮೊದಲನೆಯದರಲ್ಲಿ ಲೇಖಕನು ಯಾವುದನ್ನು ಬಿಡಲಾರದೆ ಹೋದನೋ ಅದನ್ನು ಎರಡನೆಯದರಲ್ಲಿ ಬಿಟ್ಟಿದ್ದಾನೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ನಮ್ಮ ಪತ್ರಿಕೆಯ ಪುಸ್ತಕವಿಮರ್ಶೆಯ ಅಂಕಣದಲ್ಲಿ ಜಿಲ್ಲೆಯ ಲೇಖಕರ ಎರಡನೆಯ ಕಾದಂಬರಿಗಳಿಗೆ, ಅವು ಐದು ವರ್ಷ ತಡವಾಗಿ ಬಂದರೂ ಚಿಂತೆಯಿಲ್ಲ, ಮೊದಲನೆಯವುಗಳಿಗಿಂತ ಎರಡು ಪುಟ ಹೆಚ್ಚಾಗಿ ಸಂಪಾದಕರು ದಯಪಾಲಿಸಬೇಕು. ಅಂಥದೊಂದರ ಹಸ್ತಪ್ರತಿಯು ಈಗ ನನ್ನ ಮೇಜಿನ ಮೇಲಿದೆ. ಕಣಜವು ಬರಿದಾಯಿತೆಂದವನದೇ, ಅವನ ಅಜ್ಜಿಯ ಕಾಲದ ಕಥೆ, ಅರ್ಧವಾಗಿದೆ, ಮಧ್ಯದಲ್ಲಿ ಎರಡು ಅಧ್ಯಾಯಗಳನ್ನು ಅವನೇ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾನೆ.